ಪಾರವ್ವನ ಕೆಮ್ಮು

೧೯೮೮ರಲ್ಲಿ ನಾನು ನಿಪ್ಪಾಣಿಯ ಒಂದು ಸಣ್ಣ ಸ್ಟುಡಿಯೊದಲ್ಲಿ ರೆಕಾರ್ಡಿಸ್ಟ್ ಆಗಿದ್ದೆ. ಸ್ಟುಡಿಯೊ ಎಂದರೆ ತಂಬಾಕಿನ ಹಳೆಯ ಗೋದಾಮು. ಸದ್ದು ಮಾರ್ದನಿಸದಂತೆ ಗೋಡೆಗೆಲ್ಲ ಗೋಣಿತಟ್ಟು ಬಡಿದಿದ್ದೆವು. ನನ್ನ ಕಿವಿಯ ಬಗ್ಗೆ ನನಗೆ ಬಲು ಜಂಬ. ಹಾಡಿನ ನಡುವೆ ಯಾರದಾದರೂ ಬಳೆ ಸದ್ದು ಮಾಡಿದರೂ ಸಿಡಿದೇಳುತ್ತಿದ್ದೆ.

ಆ ವರ್ಷ ಬೀಡಿ ಕಟ್ಟುವ ಐವರು ಹೆಂಗಸರು ತಮ್ಮ ಮೇಳದ ಮೊದಲ ಕ್ಯಾಸೆಟ್ ಮಾಡಿಸಲು ಬಂದರು. ಮುಂದಾಳು ಪಾರವ್ವ. ಆಕೆಯ ಗಂಟಲಲ್ಲಿ ಗಂಟಾಗಿತ್ತು; ನಾಲ್ಕು ದಿನ ಬಿಟ್ಟು ಮಿರಜಿನಲ್ಲಿ ಆಪರೇಷನ್. ದನಿ ಉಳಿಯುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು.

“ಅಣ್ಣಾರ, ನನ್ನ ಮಗಳು ಬಸುರಿ ಅದಾಳ್ರಿ,” ಎಂದಳು. “ಹುಟ್ಟೂ ಕೂಸು ಅಜ್ಜಿ ಜೋಗುಳ ಕೇಳ್ಬೇಕಲ್ರಿ. ಅಷ್ಟ ನನ್ನ ಆಸೆ.”

ನಾನು ಪದ್ಧತಿಯಂತೆ ಒಬ್ಬೊಬ್ಬರನ್ನೂ ಒಂದೊಂದು ಮೈಕಿನ ಮುಂದೆ ನಿಲ್ಲಿಸಿದೆ. ಐವರೂ ಮೂಕರಾದರು! “ಕೈಯಾಗ ಕೆಲಸ ಇಲ್ದ ನಮಗ ಬಾಯಿ ಬರೂದಿಲ್ರಿ,” ಎಂದು ಅವರಲ್ಲಿ ಕಿರಿಯಳಾದ ಅಕ್ಕಾತಾಯಿ ನಕ್ಕಳು. ಚಾಪೆ ಹಾಸಿದೆವು. ಮೊರ ತೊಡೆಯೇರಿತು, ಬೀಡಿ ಎಲೆ ಬಂತು. ಹಾಡು ತಾನಾಗಿ ಹರಿಯಿತು.

ಕೊನೆಯದು ಜೋಗುಳ. ಪಾರವ್ವ ಎಂಥ ಹಾಡು ಹಾಡಿದಳು, ಅಬ್ಬಾ! ಇನ್ನೇನು ಮುಗಿಯಿತು ಎನ್ನುವಾಗ ಕೆಮ್ಮು ಬಂತು. ಅಕ್ಕಾತಾಯಿ ತಟ್ಟನೆ ಆ ಸಾಲನ್ನು ಎತ್ತಿಕೊಂಡಳು, ಪಾರವ್ವ ಮತ್ತೆ ಕೂಡಿಕೊಂಡಳು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. “ಇದು ಕೆಟ್ಟಿತು, ಮೊದಲಿಂದ ಹಾಡ್ರಿ,” ಎಂದು ಟೇಪ್ ಹಿಂದಕ್ಕೆ ಸುತ್ತಿ ಅದರ ಮೇಲೆಯೇ ರೆಕಾರ್ಡಿಂಗ್ ಶುರು ಮಾಡಿದೆ. ಹಾಗೆ ಮಾಡಿದರೆ ಹಳೆಯದು ಅಳಿಯುತ್ತಾ ಹೋಗುತ್ತದೆ. ಕೆಟ್ಟ ಟೇಕ್ ಅಳಿಸುವುದು ನಮ್ಮ ರೂಢಿಯೇ ಆಗಿತ್ತು.

ಈ ಸಲ ಪಾರವ್ವನ ಗಂಟಲು ಬಿಗಿದುಕೊಂಡಿತು. ಆಕೆ ಕೂಡಿಕೊಂಡಾಳೆಂದು ಅಕ್ಕಾತಾಯಿ ಜೋಗುಳದ ಮೊದಲ ನುಡಿ ಪೂರ್ತಿ ಹಾಡಿದಳು. ಪಾರವ್ವನ ದನಿ ಹೊರಡಲೇ ಇಲ್ಲ. ಟೇಪ್ ನಿಲ್ಲಿಸಿದೆ. ಆಕೆ ಹಾಡಿದ್ದ ಮೊದಲ ನುಡಿಯನ್ನು ನಾನು ಅಳಿಸಿಬಿಟ್ಟಿದ್ದೆ.

“ತಪ್ಪಾಯ್ತವ್ವಾ,” ಎಂದೆ.

“ಇರ್ಲಿ ಬಿಡ್ರಿ,” ಎಂದು ಪಿಸುಗುಟ್ಟಿದಳು. “ಒಬ್ಬಾಕಿ ಉಸುರು ನಿಂತಲ್ಲೆ ಇನ್ನೊಬ್ಬಾಕಿ ಎತ್ಕೊಳ್ಳೂದು ನಮ್ಮ ಹಾಡಿನ ರೀತಿರಿ. ನಿಮಗ ಅದು ತಪ್ಪಂತ ಕೇಳಿಸ್ತು.”

ಅಕ್ಕಾತಾಯಿ ಹೊಸದಾಗಿ ಹಾಡಿದ ಮೊದಲ ನುಡಿಗೆ, ಉಳಿದಿದ್ದ ಪಾರವ್ವನ ಹಾಡನ್ನು ಬ್ಲೇಡಿನಿಂದ ಟೇಪ್ ಕತ್ತರಿಸಿ ಅಂಟಿಸಿದೆ. ಕೆಮ್ಮು ಇದ್ದಲ್ಲೇ ಇತ್ತು. ಅದನ್ನು ಮುಟ್ಟಲು ನನಗೆ ಧೈರ್ಯವಾಗಲಿಲ್ಲ.

ಆಪರೇಷನ್ ಆಯಿತು, ದನಿ ಹೋಯಿತು; ಪಿಸುಮಾತು, ಕೆಮ್ಮು ಅಷ್ಟೇ ಉಳಿದವು. ಮರುವರ್ಷ ಪಾರವ್ವ ಮಗಳು, ಮೊಮ್ಮಗಳ ಜೊತೆ ಸ್ಟುಡಿಯೊಗೆ ಬಂದಳು. ಕ್ಯಾಸೆಟ್ ಹಾಕಿದೆ. ಜೋಗುಳದಲ್ಲಿ ಕೆಮ್ಮು ಬಂದಾಗ ನಾಚಿಕೆಯಿಂದ ತಲೆ ತಗ್ಗಿಸಿದೆ. ಕೂಸು ಕಿಲಕಿಲ ನಕ್ಕಿತು, ಅಜ್ಜಿಯ ಕಡೆ ಕೈ ಚಾಚಿತು.

“ಮನ್ಯಾಗೂ ಹಿಂಗ ಮಾಡತೈತ್ರಿ,” ಎಂದಳು ಮಗಳು. “ಹಾಡಿನಾಗ ಅವ್ವನ್ನ ಕೆಮ್ಮಿಂದನ ಗುರ್ತ ಹಿಡಿತೈತಿ.”

ಪಾರವ್ವ ಮೊಮ್ಮಗಳನ್ನು ಎದೆಗಪ್ಪಿ ನನ್ನತ್ತ ನೋಡಿ ನಕ್ಕಳು. ನಾನು ಮಾತ್ರ ಅತ್ತುಬಿಟ್ಟೆ.

ನಿವೃತ್ತನಾಗುವವರೆಗೂ ಅದೇ ಕೆಲಸ ಮಾಡಿದೆ. ಹಾಡಿದವರನ್ನು ಕೇಳದೆ ಮತ್ತೆಂದೂ ಒಂದು ಸದ್ದನ್ನೂ ಅಳಿಸಲಿಲ್ಲ.