ಫೆಸ್ಟಿಯ ಎರವಲು ಹಸುಗಳು

ಫೆಸ್ಟಿ ಮ್ಯಾನಿಯನ್‌ಗೆ ಮದುವೆ ತಪ್ಪಿದ್ದು ನನ್ನ ಒಂದು ಕೂಗಿನಿಂದ ಎಂದು ಊರೆಲ್ಲ ಆಡಿಕೊಂಡಿತು. ಆಡಿಕೊಳ್ಳಲಿ, ಅದು ನಿಜವೇ.

ಆಗ ಅವನಿಗೆ ನಲವತ್ತೊಂದು. ಅವನ ತಾಯಿ ಸೊಸೆಗೆ ಅಡುಗೆಮನೆ ಬಿಟ್ಟುಕೊಡಲು ಒಪ್ಪಿದ್ದೇ ಆ ಚಳಿಗಾಲದಲ್ಲಿ. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾದರೆ ಪಾದ್ರಿಗಳು ಮದುವೆ ಮಾಡಿಸುವುದಿಲ್ಲ, ಅಷ್ಟರೊಳಗೆ ಆಗಬೇಕು. ಮದುವೆ ದಲ್ಲಾಳಿ ಗುಡ್ಡದಾಚೆಯ ಡೆಲಿಯಾಳನ್ನು ಗೊತ್ತುಮಾಡಿದ. ಅವಳಪ್ಪ ಡಾರ್ಬಿ ಜಮೀನು ನೋಡಲು ಬರುವ ದಿನ ಫೆಸ್ಟಿ ನಮ್ಮೆರಡು ಹೊಲಗಳ ನಡುವಿನ ಕಲ್ಲುಗೋಡೆಯ ಆಚೆ ಬಂದು ನಿಂತ.

"ಸಬೀನಾ, ನಿಮ್ಮಣ್ಣನ ಮೂರು ಹಸು ಇವತ್ತೊಂದಿನ ನಮ್ಮ ಹೊಲ್ದಲ್ಲಿ ಮೇಯ್ಲಾ?"

"ನಮ್ಮ ಹಸು ತೋರ್ಸಿ ಹೆಂಡ್ತಿ ತರ್ತೀಯಾ? ಆಮೇಲೆ ಅವ್ಳನ್ನೂ ವಾಪಸ್ ಕೊಡ್ತೀಯೇನೋ?"

ಅವನು ನಗಲಿಲ್ಲ. ನಾನು ನಕ್ಕಿದ್ದೂ ಬರೀ ತುಟಿಯ ಮೇಲಷ್ಟೇ. ವರದಕ್ಷಿಣೆಯಿಲ್ಲದ ನನಗಾಗಿ ಯಾವ ದಲ್ಲಾಳಿಯೂ ಅಣ್ಣನ ಬಾಗಿಲು ತಟ್ಟಿರಲಿಲ್ಲ. ಆದರೂ ಹಸುಗಳನ್ನು ಅವನ ಹೊಲಕ್ಕೆ ಅಟ್ಟಿದೆ.

ಎರವಲು ಹಸು ಕಟ್ಟುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹೆಣ್ಣಿನ ಕಡೆಯವರು ಕಂಡೂ ಕಾಣದಂತಿರುತ್ತಾರೆ. ಕಣ್ಣೆದುರೇ ಬಯಲಾದರೆ ಮಾತ್ರ ಮರ್ಯಾದೆಯ ಪ್ರಶ್ನೆ.

ಡಾರ್ಬಿ ಬಾವಿ ನೋಡಿದ, ಮಣ್ಣು ಹಿಸುಕಿ ನೋಡಿದ, ಹಸುಗಳನ್ನೂ ನೋಡಿ ತಲೆಯಾಡಿಸಿದ. ಮಾತು ಗಟ್ಟಿಮಾಡಲು ಫೆಸ್ಟಿಯ ಮನೆಯೊಳಗೆ ವಿಸ್ಕಿ ಬಾಟಲಿ ತೆರೆದಿತ್ತು. ಅಷ್ಟರಲ್ಲಿ ಹಾಲು ಕರೆಯುವ ಹೊತ್ತಾಯಿತು. ನಾನು ಬಕೆಟ್ ಹಿಡಿದು ಹೊರಬಂದವಳೇ, ಎಂದಿನ ಅಭ್ಯಾಸದಂತೆ, ಗಟ್ಟಿಯಾಗಿ ಕೂಗಿಬಿಟ್ಟೆ: "ಬಾ, ಬಾ, ಬಾ!"

ಮೂರೂ ಹಸು ತಲೆಯೆತ್ತಿ, ಗೋಡೆ ಕುಸಿದ ಕಡೆಯಿಂದ ದಾಟಿ, ಸಾಲಾಗಿ ನಮ್ಮ ಅಂಗಳಕ್ಕೆ ಬಂದವು. ಡಾರ್ಬಿ ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದ.

"ನಿನ್ನ ಆಸ್ತಿ ಎದ್ದು ಹೊರಟ್ಹೋಯ್ತಲ್ಲಪ್ಪಾ," ಎಂದವನೇ ಲೋಟ ಮಗುಚಿಟ್ಟು ಟೋಪಿ ಹಾಕಿಕೊಂಡ.

ತಪಸ್ಸುಕಾಲದ ಮೊದಲ ಭಾನುವಾರ, ಚರ್ಚಿನ ಬಾಗಿಲಲ್ಲಿ, ಪ್ರತಿ ವರ್ಷದ ಚೇಷ್ಟೆಯಂತೆ, ಮದುವೆಯಾಗದೆ ಉಳಿದವರ ಬೆನ್ನಿಗೆಲ್ಲ ಪಡ್ಡೆ ಹುಡುಗರು ಸೀಮೆಸುಣ್ಣದ ಗೀಟೆಳೆದರು. ಫೆಸ್ಟಿಗೆ ಮೂರು ಗೀಟು, ಹಸುವಿಗೊಂದರಂತೆ. ಅವನು ಕೋಟು ಒರೆಸಿಕೊಳ್ಳದೆ ಮನೆಗೆ ನಡೆದ. ಆಮೇಲೆ ಅವನು ಯಾವ ದಲ್ಲಾಳಿಯನ್ನೂ ಒಳಗೆ ಬಿಡಲಿಲ್ಲ. ತಾಯಿ ಸತ್ತ ಮೇಲೆ ಒಬ್ಬನೇ ಆಲೂಗಡ್ಡೆ ಬೇಯಿಸಿಕೊಂಡು ಬದುಕಿದ.

ಇಪ್ಪತ್ತಾರು ವರ್ಷದ ಮೇಲೆ ಅವನು ಎದೆ ಕಟ್ಟಿ ಮಲಗಿದಾಗ ನಾನೇ ಗಂಜಿ ಒಯ್ದೆ.

"ಸಬೀನಾ, ಅವತ್ತು ಬೇಕಂತ್ಲೇ ಕೂಗಿದ್ಯಾ?"

"ದೇವ್ರಾಣೆ ಇಲ್ಲ ಕಣೋ. ಬಾಯಿಗೆ ರೂಢಿ, ಬಂದ್ಬಿಡ್ತು."

ಸಮಾಧಾನವಾಗಬಹುದು ಅಂದುಕೊಂಡಿದ್ದೆ. ಅವನ ಮುಖ ಬಾಡಿತು.

"ನನ್ನ ಬೇರೆಯವ್ಳಿಗೆ ಬಿಡಕ್ಕಾಗ್ದೆ ನೀನು ಬೇಕಂತ್ಲೇ ಕೂಗ್ದೆ ಅಂದ್ಕೊಂಡಿದ್ದೆ ನಾನು. ಒಂದಿನ ನೀನೇ ಬಂದು ಹೇಳ್ತೀಯಾಂತ ಕಾಯ್ತಿದ್ದೆ."

"ಇದನ್ನ ಕೇಳಕ್ಕೆ ಇಷ್ಟು ವರ್ಷ ಬೇಕಾಯ್ತೇನೋ, ಪೆದ್ದಾ?" ಎಂದು ಕಿರುಚಿದೆ. ಅವನು ಗೋಡೆಯ ಕಡೆ ಹೊರಳಿದ್ದ. ಗುರುವಾರ ಅವನನ್ನು ಮಣ್ಣು ಮಾಡಿದೆವು.