ಕೋವಿಯೋ ಕಾರ್ಡೋ

ಟಪಾಲು ಪೆಟ್ಟಿಗೆಯಿಂದ ಲಕೋಟೆ ತೆಗೆದ ನೊವೆಲ್ಲಾ ಟ್ಯಾಕೆಟ್‌ಗೆ ಮನೆಯೊಳಗೆ ಹೋಗುವಷ್ಟೂ ತಾಳ್ಮೆ ಇರಲಿಲ್ಲ. ರಸ್ತೆ ಬದಿಯಲ್ಲೇ ನಿಂತು ಹರಿದಳು. ಕಾರ್ಡು ಬಂದಿತ್ತು! ಓಕ್ಲಹೋಮಾ ರಾಜ್ಯದ ಹೆಸರು, ಕೆಳಗೆ ಅವಳ ಹೆಸರು, ಪಕ್ಕದಲ್ಲಿ ಫೋಟೊ. ಫೋಟೊದಲ್ಲಿ ಅವಳು ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತಿದ್ದಳು. ಕಂಡರೆ ಕಾಣಲಿ. ಇನ್ನು ಮೇಲೆ ಗಾಂಜಾದ ಔಷಧವನ್ನು ಹಗಲು ಹೊತ್ತಿನಲ್ಲಿ, ಹತ್ತು ಜನರ ಎದುರಿಗೆ, ಅಂಗಡಿಗೆ ಹೋಗಿ ಕೊಂಡು ತರಬಹುದು.

ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳು ನೊವೆಲ್ಲಾ. ಊರಿನ ಅರ್ಧ ಜನ ಅವಳ ಕೈಯ ಜೋಳದ ರೊಟ್ಟಿ ತಿಂದೇ ದೊಡ್ಡವರಾದದ್ದು. ಆ ಅರ್ಧ ಜನಕ್ಕೂ ಸಂಜೆಯೊಳಗೆ ಕಾರ್ಡಿನ ದರ್ಶನವಾಯಿತು. ಚರ್ಚಿನ ಮೆಟ್ಟಿಲ ಮೇಲೆ ಪಾದ್ರಿಯ ಹೆಂಡತಿಗೂ ತೋರಿಸಿದಳು. ಹಿಂದಿನ ವರ್ಷ ಗಾಂಜಾವನ್ನು ಔಷಧವಾಗಿ ಒಪ್ಪುವ ಈ ಕಾನೂನು ಜನಮತಕ್ಕೆ ಬಂದಾಗ ಪಾದ್ರಿಯ ಮಾತು ಕೇಳಿ ತಾನೇ "ಬೇಡ" ಎಂದು ಓಟು ಹಾಕಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಎರಡು ವರ್ಷದ ಹಿಂದೆ ಅವಳಿಗೆ ಸರ್ಪಸುತ್ತು ಆಗಿತ್ತು. ಗುಳ್ಳೆಗಳು ಒಣಗಿದವು, ಉರಿ ಹೋಗಲಿಲ್ಲ. ಬಲ ಭುಜದಿಂದ ಎದೆಯ ಮೇಲ್ಭಾಗದವರೆಗೆ ಅಂಗಿ ತಾಗಿದರೂ ಕೆಂಡ ಇಟ್ಟಂತೆ. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. ಗಂಡ ರಾಯ್ಸ್ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ನರಳಿದರೆ ಕೇಳಿಸಿಕೊಳ್ಳಲು ಇದ್ದದ್ದು ಒಂದು ಮುದಿ ನಾಯಿ. ಕೊನೆಗೆ ಪಕ್ಕದ ಊರಿನಲ್ಲಿ, ಹಿಂದೆ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ಮಳಿಗೆಯಲ್ಲಿ ಕೂತ ಎಳೆಯ ಡಾಕ್ಟರೊಬ್ಬ ಅವಳ ಕಥೆಯನ್ನೆಲ್ಲ ಕೇಳಿ ಕಾರ್ಡಿಗೆ ಬರೆದುಕೊಟ್ಟ.

ಮೊದಲ ರಾತ್ರಿ ನಾಲಗೆಯಡಿ, ಅಂಗಡಿಯಿಂದ ತಂದ ಗಾಂಜಾ ಎಣ್ಣೆಯ ಹನಿ ಬಿಟ್ಟುಕೊಂಡು ಅನುಮಾನದಿಂದಲೇ ಮಲಗಿದಳು. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು. ನಾಯಿ ಬಾಗಿಲು ಕೆರೆದು ಕೆರೆದು ಸಾಕಾಗಿ ಕೂತಿತ್ತು. ಪೂರ್ತಿ ಒಂದು ರಾತ್ರಿಯ ನಿದ್ದೆ! ಖುಷಿಗೆ ನಾಯಿಗೂ ಎರಡು ಮೊಟ್ಟೆ ಹುರಿದು ಹಾಕಿದಳು.

ತಮ್ಮ ಆರ್ಲಿಸ್‌ಗೆ ಮಾತ್ರ ಇದು ಸರಿಬರಲಿಲ್ಲ. ಅರವತ್ತು ದಾಟಿದ್ದರೂ ಅಕ್ಕನನ್ನು ಕೆಣಕದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. ತನ್ನ ಟೈರ್ ಅಂಗಡಿಯ ಮುಂದೆ ಕೂತು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅಲ್ಲ ಅಕ್ಕಾ, ಇದ್ಯಾಕೆ ಬೇಕಿತ್ತು ನಿಂಗೆ? ನಮ್ಮಂಗಡಿ ಹಿಂದ್ಗಡೆ ನಿಂತು ಒಂದ್ಸಲ ಕೆಮ್ಮಿದ್ರೆ ಮೂರು ಜನ ತಂದ್ಕೊಡ್ತಾರೆ."

"ನೀನು ಕೆಮ್ಮು. ನಾನು ಕದ್ದು ಮುಚ್ಚಿ ಏನೂ ಮಾಡೋಳಲ್ಲ."

"ಸರ್ಕಾರದೋರ ಪುಸ್ತಕದಲ್ಲಿ ಹೆಸರು ಬರ್ಸ್ಕೊಂಡಿದೀಯ. ನೋಡ್ತಿರು, ಏನಾದ್ರೂ ಒಂದು ಕಿತ್ಕೊಂಡೇ ಕಿತ್ಕೋತಾರೆ."

"ನನ್ನ ಹತ್ರ ಕಿತ್ಕೊಳ್ಳಕ್ಕೆ ಏನಿದೆಯೋ? ನಿನ್ನನ್ನ ಬೇಕಾದ್ರೆ ಕರ್ಕೊಂಡ್ಹೋಗ್ಲಿ," ಎಂದು ನಕ್ಕು ಎದ್ದಳು.

ಆದರೆ ನೊವೆಲ್ಲಾಳ ಸಂಭ್ರಮಕ್ಕೆ ನಿದ್ದೆಗಿಂತ ದೊಡ್ಡ ಕಾರಣವೊಂದಿತ್ತು. ಕಿಯಾಮಿಶಿ ನದಿಯ ದಂಡೆಯಲ್ಲಿ ಅವಳ ಅಪ್ಪ ಕಟ್ಟಿದ ತಗಡಿನ ಮಾಡಿನ ಬೇಟೆ ಬಿಡಾರವಿದೆ. ನವೆಂಬರಿನಲ್ಲಿ ಕೋವಿಯ ಬೇಟೆ ಶುರುವಾದರೆ ಮನೆಮಂದಿಯೆಲ್ಲ ಅಲ್ಲೇ. ಜಿಂಕೆಗೆ ಗುಂಡು ಹೊಡೆದು ಗುರಿ ತಪ್ಪಿದವರ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ, ಹೆಸರು ಬರೆದು, ಬಿಡಾರದ ಗೋಡೆಗೆ ಮೊಳೆ ಹೊಡೆಯುವುದು ಆ ಕಡೆಯ ರೂಢಿ. ಒಮ್ಮೆ ಹೊಡೆದ ಚೂರನ್ನು ಯಾರೂ ಕೀಳುವಂತಿಲ್ಲ. ಆ ಗೋಡೆಯ ಅರ್ಧಭಾಗ ಆರ್ಲಿಸ್‌ನ ಅಂಗಿಗಳೇ. ಒಂಬತ್ತನೇ ವಯಸ್ಸಿಗೆ ಅಪ್ಪನ ಕೋವಿ ಹಿಡಿದ ನೊವೆಲ್ಲಾಳ ಅಂಗಿ ಒಂದೂ ಇರಲಿಲ್ಲ, ಹೋದ ನವೆಂಬರಿನವರೆಗೆ.

ಹೋದ ನವೆಂಬರಿನಲ್ಲಿ ಕಣ್ಣು ಮುಚ್ಚಿ ಹೊಡೆಯಬಹುದಾದಷ್ಟು ಹತ್ತಿರ ನಿಂತ ಜಿಂಕೆಗೆ ಅವಳು ಗುರಿ ಇಟ್ಟಳು. ಕೋವಿಯ ಹಿಡಿ ಆ ಉರಿವ ಭುಜಕ್ಕೆ ತಾಗಿದ್ದೇ ತಡ, ಮೈ ಅದುರಿತು. ಗುಂಡು ಮರಕ್ಕೆ, ಜಿಂಕೆ ಕಾಡಿಗೆ. ಆರ್ಲಿಸ್ ಹಾಡು ಹೇಳಿಕೊಂಡು ಕತ್ತರಿ ತಂದ. ಕೆಂಪು ಚೌಕಳಿ ಅಂಗಿಯ ಚೂರನ್ನು ಗೋಡೆಯ ನಟ್ಟನಡುವೆ ಬಡಿದ. ಎಲ್ಲರ ಜೊತೆ ಅವಳೂ ನಕ್ಕಳು. ಆದರೆ ಆ ಗೋಡೆಯಲ್ಲಿ ತನ್ನ ಕೊನೆಯ ಗುರುತು ಅದೇ ಆಗಿ ಉಳಿದರೆ ಎಂಬ ಯೋಚನೆ ವರ್ಷವಿಡೀ ಅವಳನ್ನು ತಿಂದಿತ್ತು. ಈ ಸಲ ಜಿಂಕೆ ಹೊಡೆಯಲೇಬೇಕು.

ಹಾಗೆಂದೇ ಸೆಪ್ಟೆಂಬರಿನ ಒಂದು ಶನಿವಾರ, ಹಿಂದಕ್ಕೆ ಅಷ್ಟಾಗಿ ಒದೆಯದ ಹಗುರವಾದ ಹೊಸ ಕೋವಿಯೊಂದನ್ನು ಕೊಳ್ಳಲು ಡೆಲ್ಬರ್ಟ್‌ನ ಅಂಗಡಿಗೆ ಹೋದಳು. ದನದ ಮೇವು, ಬೇಲಿ ತಂತಿ, ಕೋವಿ, ಗಾಳ ಎಲ್ಲ ಒಂದೇ ಸೂರಿನಡಿ ಮಾರುವ ಅಂಗಡಿ. ಡೆಲ್ಬರ್ಟ್ ಅವಳ ಅಡುಗೆ ಉಂಡು ಬೆಳೆದವರಲ್ಲೊಬ್ಬ. ಅವಳು ಕೋವಿ ಆರಿಸಿದಳು, ಎತ್ತಿ ಭುಜಕ್ಕಿಟ್ಟು ನೋಡಿದಳು, ಮೆಚ್ಚಿದಳು. ಡೆಲ್ಬರ್ಟ್ ಸರ್ಕಾರದ ಫಾರಂ ಮುಂದಿಟ್ಟು, "ಫೋಟೊ ಇರೋ ಕಾರ್ಡ್ ಒಂದು ಕೊಡಿ, ಮಿಸ್ ನೊವೆಲ್ಲಾ" ಎಂದ, ಶಾಲೆಯ ದಿನಗಳಲ್ಲಿ ಕರೆಯುತ್ತಿದ್ದ ಹಾಗೆಯೇ.

ಡ್ರೈವಿಂಗ್ ಲೈಸೆನ್ಸು ಪರ್ಸಿನಲ್ಲೇ ಇತ್ತು. ಆದರೆ ಹೊಸದನ್ನು ತೋರಿಸುವ ಚಪಲ! ಗಾಂಜಾ ಕಾರ್ಡನ್ನು ಗತ್ತಿನಿಂದ ಗಲ್ಲಾದ ಮೇಲಿಟ್ಟಳು.

ಡೆಲ್ಬರ್ಟ್ ಅದನ್ನು ನೋಡಿದ. ಅವಳ ಮುಖ ನೋಡಿದ. ಮೆಲ್ಲಗೆ ಫಾರಮನ್ನು ತನ್ನ ಕಡೆಗೆ ಎಳೆದುಕೊಂಡ.

"ನೋಡಿಲ್ಲ ಅನ್ನೋಣ ಅಂದ್ರೆ, ನೋಡ್ಬಿಟ್ನಲ್ಲ."

"ಏನಪ್ಪಾ ಆಯ್ತು? ಫೋಟೊ ಚೆನ್ನಾಗಿಲ್ವಾ?"

"ಗಾಂಜಾ ತಗೊಳ್ಳೋರಿಗೆ ನಾನು ಕೋವಿ ಮಾರೋ ಹಾಗಿಲ್ಲ. ಇದು ವಾಷಿಂಗ್ಟನ್ನಿನ ಕಾನೂನು, ಇಡೀ ದೇಶಕ್ಕೆ. ಔಷಧಕ್ಕೇ ತಗೊಂಡ್ರೂ ಅಷ್ಟೇ, ನಮ್ಮ ರಾಜ್ಯ ಹೂಂ ಅಂದ್ರೂ ಅಷ್ಟೇ. ಈ ಫಾರಮ್ಮಲ್ಲಿ ನೇರವಾಗೇ ಕೇಳ್ತಾರೆ."

"ಹೊಸದು ಬೇಡ ಬಿಡು. ಮನೇಲಿ ಅಪ್ಪಂದು ಇದೆಯಲ್ಲ."

ಡೆಲ್ಬರ್ಟ್ ಕತ್ತು ಅಲ್ಲಾಡಿಸಿದ. "ಅದನ್ನೂ ಇಟ್ಕೊಳ್ಳೋ ಹಾಗಿಲ್ಲ, ಮಿಸ್ ನೊವೆಲ್ಲಾ. ಕಾರ್ಡ್ ಕೊಟ್ಟೋರು ಹೇಳ್ಲಿಲ್ವಾ?"

ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದರೋ ಏನೋ, ನಿದ್ದೆಯ ಆಸೆಯಲ್ಲಿ ಅವಳ ಕಿವಿಗೆ ಬಿದ್ದಿರಲಿಲ್ಲ. ಕಾರ್ಡನ್ನು ಪರ್ಸಿಗೆ ತುರುಕಿಕೊಂಡು ಆಚೆ ಬಂದವಳಿಗೆ ತನ್ನ ಗಾಡಿ ಎಲ್ಲಿ ನಿಲ್ಲಿಸಿದ್ದೆನೆಂಬುದೇ ಸ್ವಲ್ಪ ಹೊತ್ತು ಹೊಳೆಯಲಿಲ್ಲ.

ಆರ್ಲಿಸ್‌ಗಂತೂ ಹಬ್ಬ. "ಹೇಳ್ಲಿಲ್ವಾ ನಾನು? ಕಿತ್ಕೋತಾರೆ ಅಂತ ಹೇಳ್ಲಿಲ್ವಾ?" ಎಂದು ಟೈರುಗಳ ನಡುವೆ ಮಂಡಿನೋವಿನ ಕುಂಟುಗಾಲಿನಲ್ಲೇ ಒಂದು ಸುತ್ತು ಕುಣಿದ. ಆಮೇಲೆ ಅಕ್ಕನ ಮುಖ ನೋಡಿ ದನಿ ತಗ್ಗಿಸಿದ. "ಆ ಕಾರ್ಡನ್ನ ಒಲೆಗೆ ಹಾಕು. ಬೇರೆ ಅಂಗಡಿಗೆ ಹೋಗಿ ಫಾರಮ್ಮಲ್ಲಿ 'ಇಲ್ಲ' ಅಂತ ಗೀಚು. ಹನಿ ನಾನು ತಂದ್ಕೊಡ್ತೀನಿ. ಯಾರು ಬಂದು ನೋಡ್ತಾರೆ?"

"ಸುಳ್ಳು ಗೀಚೋ ಕೈ ನಂದೇ ಅಲ್ವೇನೋ?"

ಮನೆಗೆ ಬಂದು ಹನಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿ ನೋಡಿದಳು. ಮೂರು ರಾತ್ರಿ. ಮೂರನೆಯ ರಾತ್ರಿ ಅಡುಗೆಮನೆಯ ನೆಲದ ಮೇಲೆ ಕೂತು, ಭುಜಕ್ಕೆ ಒದ್ದೆ ಬಟ್ಟೆ ಒತ್ತಿಕೊಂಡು ಅತ್ತಳು. ಈ ಭುಜ ಇಟ್ಟುಕೊಂಡು ಕೋವಿ ಹಿಡಿದರೆ ಮತ್ತೆ ಮರಕ್ಕೇ ಹೊಡೆಯುವುದು. ಹನಿ ತೆಗೆದುಕೊಂಡರೆ ಕೋವಿಯೇ ಇಲ್ಲ. ಎರಡೂ ಕಡೆಯಿಂದ ಬಾಗಿಲು ಹಾಕಿದ ಆ ಕಾನೂನಿಗೆ ಬಾಯಿ ತುಂಬ ಬೈದಳು. ಶಾಲೆಯ ಮಕ್ಕಳು ಕೇಳಿದ್ದರೆ ಬೆರಗಾಗುತ್ತಿದ್ದವು.

ಬೆಳಿಗ್ಗೆ ಎದ್ದು ಅಪ್ಪನ ಕೋವಿಗೆ ಎಣ್ಣೆ ಒರೆಸಿ, ಹಳೇ ಕಂಬಳಿಯಲ್ಲಿ ಸುತ್ತಿ, ಆರ್ಲಿಸ್‌ನ ಮನೆಗೆ ಒಯ್ದಳು.

"ಒಂದು ಮಾತಾಡಿದ್ರೆ ನೋಡು," ಎಂದಳು.

ಆರನೇ ವಯಸ್ಸಿನಿಂದ ಆ ಕೋವಿಗಾಗಿ ಹಲುಬಿದವನು ಆರ್ಲಿಸ್. ಅಪ್ಪ ಅದನ್ನು ಮಗಳಿಗೆ ಕೊಟ್ಟ ದಿನ ಊಟ ಬಿಟ್ಟವನು. ಈಗ ಎರಡು ಕೈ ಚಾಚಿ ಇಸಿದುಕೊಂಡ. ಕೆಣಕದೆ, ಕಂಬಳಿಯನ್ನೂ ಬಿಚ್ಚದೆ ಒಳಗೆ ಒಯ್ದು ಇಟ್ಟ. ಅಕ್ಕನಿಗೆ ಅದೇ ಹೆಚ್ಚು ಸಂಕಟವಾಯಿತು.

ಅದೇ ವಾರ ಡೆಲ್ಬರ್ಟ್ ಅವಳ ಅಂಗಳಕ್ಕೆ ಗಾಡಿ ತಂದು ನಿಲ್ಲಿಸಿ ಉದ್ದನೆಯ ಪೆಟ್ಟಿಗೆಯೊಂದನ್ನು ಇಳಿಸಿದ. ಒಳಗೆ ಅಡ್ಡಬಿಲ್ಲು. ಕೋವಿಯಂಥದೇ ಹಿಡಿ, ಟ್ರಿಗರು. ಮುಂದೆ ಅಡ್ಡಲಾಗಿ ಬಿಲ್ಲು. ಪಕ್ಕದಲ್ಲಿ ಹೆದೆ ಎಳೆಯುವುದಕ್ಕೆ ತಿರುಗಿಸುವ ಹಿಡಿಕೆ.

"ಆ ಕಾನೂನು ಕೋವಿ ಬಗ್ಗೆ ಮಾತ್ರ ಹೇಳತ್ತೆ. ಇದು ಕೋವಿ ಅಲ್ಲ," ಎಂದ.

ನೊವೆಲ್ಲಾ ಮುಖ ಸಿಂಡರಿಸಿದಳು. ಬಿಲ್ಲಿನವರನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ತಮಾಷೆ. "ಮುಖಕ್ಕೆ ಮಸಿ ಬಳ್ಕೊಂಡು ಪೊದೆ ವೇಷ ಹಾಕೋ ಗಂಡಸ್ರ ಆಟ ಇದು. ನನ್ನ ಕೈಲಿ ಎಲ್ಲಾಗತ್ತೆ?"

"ಎಡಗೈಯಲ್ಲಿ ತಿರುಗ್ಸಿ. ಊರುಗೋಲಿನ ಮೇಲಿಟ್ಟು ಹೊಡೀರಿ. ಭುಜಕ್ಕೆ ಒದೆಯಲ್ಲ ಇದು."

ಮೊದಲ ಬಾಣ ಗುರಿಗೆಂದು ಇಟ್ಟ ಹುಲ್ಲಿನ ಪಿಂಡಿಯನ್ನು ಬಿಟ್ಟು ಕೋಳಿಗೂಡಿಗೆ ನಾಟಿತು. ಕೋಳಿಗಳು ಎರಡು ದಿನ ಮೊಟ್ಟೆ ಇಡಲಿಲ್ಲ. ಆದರೆ ಭುಜ? ಭುಜಕ್ಕೆ ಏನೂ ಆಗಿರಲಿಲ್ಲ! ಎರಡನೆಯ ಬಾಣ ಪಿಂಡಿಗೆ ಬಿತ್ತು. ಮೂರನೆಯದು ನಡುವಿಗೇ ಬಿತ್ತು. ಡೆಲ್ಬರ್ಟ್ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅವಳು ಬಿಲ್ಲನ್ನು ಬೇರೆಯವರ ಕೈಗೆ ಕೊಡದಷ್ಟು ಹಚ್ಚಿಕೊಂಡಿದ್ದಳು.

"ಇದ್ರ ಬೇಟೆ ಯಾವತ್ತಿಂದ?" ಎಂದು ಬಾಣ ಕೀಳುತ್ತ ಕೇಳಿದಳು.

"ಅಕ್ಟೋಬರ್ ಒಂದರಿಂದ."

"ಕೋವಿದು ನವೆಂಬರಲ್ಲಿ." ಅವಳ ಕೈ ಅಲ್ಲೇ ನಿಂತಿತು. "ಅಂದ್ರೆ... ಆರ್ಲಿಸ್‌ಗಿಂತ ಮೊದ್ಲು?"

"ವಾರಗಟ್ಟಲೆ ಮೊದ್ಲು, ಮಿಸ್ ನೊವೆಲ್ಲಾ," ಎಂದು ಡೆಲ್ಬರ್ಟ್ ಕಣ್ಣು ಮಿಟುಕಿಸಿದ. ಅವಳು ಕುಣಿಯುವುದೊಂದು ಬಾಕಿ.

ಅಕ್ಟೋಬರಿನಲ್ಲಿ ಬಿಡಾರದ ಹಿಂದೆ ಪರ್ಸಿಮನ್ ಹಣ್ಣು ಕಳಿತು ಉದುರುತ್ತದೆ. ಜಿಂಕೆಗಳಿಗೆ ಅದರ ಮೇಲೆ ಪ್ರಾಣ. ಹಿಂದಿನ ರಾತ್ರಿ ಹನಿ ತೆಗೆದುಕೊಂಡು ಗಡದ್ದಾಗಿ ನಿದ್ದೆ ಮಾಡಿದ ನೊವೆಲ್ಲಾ, ಮಬ್ಬೆಲ್ಲ ಕಳೆದ ಮೇಲೆ, ಬಿಸಿಲು ಇಳಿವ ಹೊತ್ತಿಗೆ ಬಂದು ಗಾಳಿಯ ದಿಕ್ಕು ನೋಡಿ ಮರಕ್ಕೆ ಎದುರಾಗಿ ಪೊದೆಯಲ್ಲಿ ಕೂತಳು. ಮುಖಕ್ಕೆ ಮಸಿಯನ್ನೂ ಬಳಿದುಕೊಂಡಿದ್ದಳು, ಮಹರಾಯಿತಿ!

ಗಂಡು ಜಿಂಕೆ ಬಂತು. ಕೋವಿಯ ಕಾಲದಲ್ಲಿ ಜಿಂಕೆಯೆಂದರೆ ದೂರದ ಒಂದು ಕಂದು ಆಕಾರ. ಈಗ ಅದು ಹಣ್ಣು ಜಗಿಯುವ ಸದ್ದು ಕೇಳುತ್ತಿತ್ತು. ರೆಪ್ಪೆಯ ಕೂದಲು ಕಾಣುತ್ತಿತ್ತು. ಮೂಗಿನ ಮೇಲೊಂದು ನೊಣ ಕೂತು ಎದ್ದದ್ದೂ ಕಂಡಿತು. ಇಷ್ಟು ವರ್ಷ ಕಾಡಿಗೆ ಬಂದೂ ತಾನು ಜಿಂಕೆಯನ್ನು ನೋಡಿದ್ದೇ ಇಲ್ಲ ಎಂದು ಅವಳಿಗೆ ಅನಿಸಿತು. ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಅದಕ್ಕೆ ಕೇಳಿಸಿಬಿಟ್ಟರೆ ಎಂದು ಹೆದರಿದಳು. ಜಿಂಕೆ ಪಕ್ಕಕ್ಕೆ ತಿರುಗಿತು. ಉಸಿರು ಹಿಡಿದು ಒತ್ತಿದಳು.

ಜಿಂಕೆ ಚಂಗನೆ ಹಾರಿ ತೊರೆಯ ಕಡೆ ಓಡಿತು. ಬಾಣ ತಾಗಿದ ಮೇಲೆ ತಕ್ಷಣ ಬೆನ್ನಟ್ಟಬಾರದು ಎಂದು ಡೆಲ್ಬರ್ಟ್ ಹೇಳಿದ್ದ. ಕಾದಳು. ನೀರಿನ ಬಾಟಲಿ ತೆಗೆದು ಎರಡು ಗುಟುಕು ಕುಡಿದಳು. ಆಮೇಲೆ ಎಲೆಗಳ ಮೇಲಿನ ರಕ್ತದ ಗುರುತು ಹಿಡಿದು ಹೋದರೆ, ತೊರೆಯ ಆಚೆ ದಡದಲ್ಲಿ ಬಿದ್ದಿತ್ತು. ಎಂಟು ಕವಲಿನ ಕೊಂಬು! ಅದರ ಕತ್ತಿನ ಮೇಲೆ ಕೈಯಿಟ್ಟು "ಥ್ಯಾಂಕ್ಸ್ ಕಣೋ" ಎಂದಳು. ಎದ್ದು ನಿಂತು ಇಡೀ ಕಾಡಿಗೆ ಕೇಳುವ ಹಾಗೆ ಕೂಗು ಹಾಕಿದಳು. ಆಮೇಲೆ ತಮ್ಮನಿಗೆ ಫೋನು.

ಎಳೆದು ತರಲು ಬಂದ ಆರ್ಲಿಸ್ ಕೊಂಬು ಎಣಿಸಿ ಬಾಯಿ ಬಿಟ್ಟ. "ಯಾರು ಹೊಡೆದದ್ದು?"

"ಪೊದೆ ವೇಷದೋಳು."

"ಬಿಲ್ಲಲ್ಲಿ ಹೊಡೆದದ್ದು ಲೆಕ್ಕಕ್ಕಿಲ್ಲ ಬಿಡು."

"ಅಪ್ಪ ಹಾಗಂತ ಎಲ್ಲಿ ಹೇಳಿದ್ದ? ಮುಚ್ಕೊಂಡು ಕಾಲು ಹಿಡಿ!" ಎಂದಳು ನೊವೆಲ್ಲಾ. ಕೊಂಬಿನ ಕಡೆ ತಾನು ಹಿಡಿದುಕೊಂಡಳು.

ನವೆಂಬರು ಬಂತು. ಕೋವಿಯ ಬೇಟೆಯ ಮೊದಲ ಬೆಳಿಗ್ಗೆ ನೊವೆಲ್ಲಾ ಬಿಡಾರದಲ್ಲಿ ತನ್ನದೇ ಜಿಂಕೆಯ ಮಾಂಸಕ್ಕೆ ಮೆಣಸಿನಕಾಯಿ ಹಾಕಿ ಸಾರು ಕುದಿಸುತ್ತಿದ್ದಳು. ಎಂಟು ಕವಲಿನ ಕೊಂಬು ಬಾಗಿಲ ಮೇಲಿತ್ತು. ಬೆಟ್ಟದ ಕಡೆಯಿಂದ ಅಪ್ಪನ ಕೋವಿಯ ಸದ್ದು ಕೇಳಿತು. ಆ ಸದ್ದು ಅವಳಿಗೆ ನಿದ್ದೆಯಲ್ಲೂ ಗೊತ್ತು. ಒಂದು ಗಳಿಗೆ ಬಿಟ್ಟು ಇನ್ನೊಂದು ಸದ್ದು. ಮತ್ತೊಂದು. ನೊವೆಲ್ಲಾ ಸೌಟು ಇಟ್ಟು ಮೊಳೆಯಿಂದ ಕತ್ತರಿ ತೆಗೆದುಕೊಂಡಳು.

ಆರ್ಲಿಸ್ ಕುಂಟುತ್ತ ಬಂದು, ಕೋವಿಯನ್ನು ಗೋಡೆಗೆ ಒರಗಿಸಿ, ಅಂಗಿಯ ಅಂಚು ಹೊರಗೆಳೆದು ಬೆನ್ನು ತಿರುಗಿಸಿ ನಿಂತ.

"ಏನಾಯ್ತೋ?"

"ಎದ್ದು ಗುರಿ ಇಡೋ ಹೊತ್ತಿಗೆ ಮಂಡಿ ಚಳುಕ್ ಅಂತು. ಹಾಳಾದ್ದು, ಎಲ್ಲಾ ಅಲ್ಲಾಡೋಯ್ತು."

ಅವಳು ನಗುನಗುತ್ತ ಧಾರಾಳವಾಗೇ ಕತ್ತರಿಸಿದಳು. ತನ್ನ ಕೆಂಪು ಚೂರಿನ ಪಕ್ಕದಲ್ಲೇ ಇಟ್ಟು ಮೊಳೆ ಬಡಿದಳು. ಸುತ್ತಿಗೆಯ ಸದ್ದಿನ ನಡುವೆ ತಮ್ಮನ ದನಿ ಸಣ್ಣಗೆ ಕೇಳಿತು.

"ಅಕ್ಕಾ, ಆ ನಿನ್ನ ಡಾಕ್ಟ್ರು... ಮಂಡಿನೋವಿಗೂ ಬರ್ಕೊಡ್ತಾನಾ?"

ಸುತ್ತಿಗೆ ಕೆಳಗಿಟ್ಟು ಅವಳು ತಿರುಗಿದಳು. ಅವನ ಕಾಲು ನೋಡಿದಳು. ಗೋಡೆಗೊರಗಿದ್ದ ಕೋವಿಯನ್ನು ನೋಡಿದಳು. ನಗು ಅರ್ಧದಲ್ಲೇ ನಿಂತಿತು.

"ಬರ್ಕೊಡ್ತಾನೆ. ಅಪ್ಪನ ಕೋವಿ ಯಾರಿಗೆ ಕೊಡ್ತೀಯ, ಅದನ್ನ ಮೊದ್ಲು ಹೇಳು."

ಆರ್ಲಿಸ್ ಕೋವಿಯನ್ನು ಎತ್ತಿಕೊಂಡು, ನೋಯುವ ಮಂಡಿಗಳ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತ. ಅಕ್ಕ ಸಾರು ಬಡಿಸಿ ಕೊಟ್ಟಳು. ಅದು ಆರಿಹೋದರೂ ಅವನು ಬಟ್ಟಲಿಗೆ ಕೈ ಹಾಕಲಿಲ್ಲ.