ಹನ್ನೆರಡನೆಯ ಹಾಳೆಯನ್ನು ಓದಿದವರು

ದೆವ್ವದ ಕಥೆ ಹೇಳುವವರಿಗೆ ನನ್ನಂಥ ಕೆಟ್ಟ ಕೇಳುಗರು ಇನ್ನೊಬ್ಬರು ಸಿಗಲಾರರು. ಗದಗಿನಲ್ಲಿ ನಾನು ಚಿಕ್ಕವಳಿದ್ದಾಗ ಹುಣಿಸೆಮರದ ಕೆಳಗೆ ಬಿಳಿ ಸೀರೆಯವಳು ನಿಂತಿದ್ದಳು ಎಂದು ಯಾರಾದರೂ ಶುರು ಮಾಡಿದರೆ, ‘ಎಷ್ಟು ಎತ್ತರ ಇದ್ಲು? ಟೇಪ್ ಹಿಡಿದು ನೋಡಿದ್ರೇನು?’ ಎಂದು ಕೇಳಿ ಕಥೆಯ ಕುತ್ತಿಗೆ ಹಿಸುಕುತ್ತಿದ್ದೆ. ಮುಂದೆ ಎಂಜಿನಿಯರ್ ಆದ ಮೇಲಂತೂ ಕೇಳುವುದೇ ಬೇಡ. ಅಳತೆಗೆ ಸಿಗದ್ದು ಇಲ್ಲ ಎಂಬುದು ನನ್ನ ಗಟ್ಟಿ ತಿಳಿವಳಿಕೆಯಾಗಿತ್ತು. ಈಗ ನಾನು ಹೇಳಹೊರಟಿರುವುದನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೀವೂ ನಂಬಲೇಬೇಕೆಂಬ ಹಟ ನನಗಿಲ್ಲ. ಇದು ನಡುರಾತ್ರಿಯ ಕಥೆಯೂ ಅಲ್ಲ. ಮಧ್ಯಾಹ್ನ ಎರಡೂವರೆಗೆ, ಕಿಟಕಿಯ ಪರದೆ ಪೂರ್ತಿ ಸರಿಸಿದ ಕೋಣೆಯಲ್ಲಿ ನಡೆದದ್ದು.

ಮೂರು ವರ್ಷದ ಹಿಂದಿನ ಮಾತು. ನಾನು ಕೆಲಸ ಮಾಡುವುದು ನೆದರ್ಲೆಂಡ್ಸಿನ ಕಾಪೆಲ್ಲೆ ಎಂಬ ಊರಿನ ಒಂದು ಸಣ್ಣ ಕಚೇರಿಯಲ್ಲಿ. ಹಳೆಯ ಕಟ್ಟಡಗಳನ್ನು ಅಳೆದು, ಗಟ್ಟಿ ಇವೆಯೋ ಇಲ್ಲವೋ ಎಂದು ವರದಿ ಬರೆಯುವುದು ನಮ್ಮ ಕಸುಬು. ಕೆನಡಾದ ಪಶ್ಚಿಮ ಭಾಗದ ಒಂದು ಊರಿನಿಂದ ಒಮ್ಮೆ ನಮಗೆ ಕೆಲಸ ಬಂತು. ಅಲ್ಲಿನ ನೂರು ವರ್ಷಕ್ಕೂ ಹಳೆಯದಾದ ಸಭಾಭವನವನ್ನು ದುರಸ್ತಿ ಮಾಡುತ್ತಿದ್ದರು. ಅದರ ಮೂಲ ನಕ್ಷೆಗಳು ದ ಹೇಗ್‌ನಲ್ಲಿ, ಅದನ್ನು ಕಟ್ಟಿಸಿದ ಆರ್ಕಿಟೆಕ್ಟನ ಮೊಮ್ಮಗಳ ಮನೆಯಲ್ಲಿದ್ದವು. ಪೆಟ್ಟಿಗೆ ಕಳಿಸಿಕೊಡಲು ಆಕೆ ಒಪ್ಪಿರಲಿಲ್ಲ. ಹಾಗಾಗಿ ನಾವೇ ಹೋಗಿ ಓದಿಕೊಂಡು ಬರಬೇಕಿತ್ತು.

ಆರ್ಕಿಟೆಕ್ಟನ ಮನೆತನದ ಹೆಸರು ಇಲ್ಲಿ ಬೇಡ, ಆಲ್ಫ್ರೆಡ್ ಎಂದಿಟ್ಟುಕೊಳ್ಳಿ. ಇಂಗ್ಲೆಂಡಿನಲ್ಲಿ ಬಡಗಿಯ ಮಗನಾಗಿ ಹುಟ್ಟಿದವನು. ಇಪ್ಪತ್ತರ ಹರೆಯದಲ್ಲಿ ಹಡಗು ಹತ್ತಿ, ರೈಲು ಮುಗಿದ ಕಡೆಯಿಂದ ಎತ್ತಿನ ಗಾಡಿಯಲ್ಲಿ ಹೋಗಿ, ಊರೇ ಇಲ್ಲದ ಬಯಲಿನಲ್ಲಿ ಡೇರೆ ಹಾಕಿದ. ಇಟ್ಟಿಗೆ ಇರಲಿಲ್ಲ, ತಾನೇ ಭಟ್ಟಿ ಹಾಕಿದ. ಕಾಗದ ಮುಗಿದಾಗ ಹಿಟ್ಟಿನ ಚೀಲದ ಮೇಲೆ ನಕ್ಷೆ ಬರೆದ. ಊರಿನ ಮೊದಲ ಶಾಲೆ, ಮೊದಲ ಬ್ಯಾಂಕು, ಚರ್ಚು, ಜೈಲು ಎಲ್ಲ ಅವನ ಕೈಯಲ್ಲೇ ಎದ್ದವು. ರೈಲು ಬಂದು ಊರು ಬೆಳೆದಾಗ ಅವನ ಕಚೇರಿಯಲ್ಲಿ ಐದು ಜನ ನಕ್ಷೆಗಾರರಿದ್ದರಂತೆ. ಕೊನೆಗೆ ಈ ಸಭಾಭವನ ಕಟ್ಟಿಸಿದ. ಬಾಗಿಲು ತೆರೆದ ಮೊದಲ ಚಳಿಗಾಲದಲ್ಲೇ, ಜನ ತುಂಬಿದ್ದಾಗ, ಪೂರ್ವದ ಬಾಲ್ಕನಿ ಕುಸಿದು ಬಿತ್ತು. ಇಬ್ಬರು ಸತ್ತರು.

ತೊಲೆಗಳನ್ನು ಗೋಡೆಗೆ ಬಿಗಿಯುವ ಕಬ್ಬಿಣದ ಪಟ್ಟಿಗಳನ್ನು ಆರ್ಕಿಟೆಕ್ಟ್ ನಕ್ಷೆಯಲ್ಲಿ ತೋರಿಸಿಯೇ ಇಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ತೋರಿಸಿದ್ದೆ, ಕಂಟ್ರಾಕ್ಟರ್ ಹಾಕಲಿಲ್ಲ ಎಂದ ಆಲ್ಫ್ರೆಡ್. ಆ ಹಾಳೆ ಸಿಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೋ, ಎಮ್ಮೆಗೇ ಜ್ವರವಿತ್ತೋ, ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿಂದಾಚೆ ಅವನಿಗೆ ಯಾರೂ ಕೆಲಸ ಕೊಡಲಿಲ್ಲ. ರೈತರಿಗೆ ಕಾಳಿನ ಕಣಜಗಳ ನಕ್ಷೆಯನ್ನು ತನ್ನ ಹೆಸರು ಹಾಕದೆ ಬರೆದುಕೊಡುತ್ತ, ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತ ಕಾಲ ಕಳೆದು ಸತ್ತ. ಮಗಳು ಡಚ್ಚನೊಬ್ಬನನ್ನು ಮದುವೆಯಾಗಿ ನಕ್ಷೆಗಳ ಪೆಟ್ಟಿಗೆಯೊಂದಿಗೆ ಈ ದೇಶಕ್ಕೆ ಬಂದಳು.

ನಮ್ಮ ಮೆವ್ರೌ ಆ ಮಗಳ ಮಗಳು. ಮೆವ್ರೌ ಎಂದರೆ ಇಲ್ಲಿ ಅಮ್ಮಾವ್ರೇ ಎಂದ ಹಾಗೆ. ನಾವು ಅವರನ್ನು ಹಾಗೇ ಕರೆಯುತ್ತಿದ್ದೆವು. ಎಂಬತ್ತು ದಾಟಿದವರು, ಒಬ್ಬರೇ ಇದ್ದರು. ಅಜ್ಜನನ್ನು ಅವರು ನೋಡಿದವರಲ್ಲ, ಅವರು ಹುಟ್ಟುವ ಮೊದಲೇ ಅವನು ಹೋಗಿದ್ದ. ದುರಸ್ತಿಯಾದ ಭವನದ ಬಾಗಿಲಲ್ಲಿ ಒಂದು ಫಲಕ ಹಾಕುವವರಿದ್ದರು. ಆಲ್ಫ್ರೆಡ್‌ನ ಹೆಸರು ಅದರಲ್ಲಿ ಇರಬೇಕೋ ಬೇಡವೋ ಎಂಬುದು ನಮ್ಮ ವರದಿಯ ಮೇಲೆ ನಿಂತಿತ್ತು. ಮೊದಲ ದಿನವೇ ಮೆವ್ರೌ ನನ್ನ ಕೈ ಹಿಡಿದು ಇಂಗ್ಲಿಷಿನಲ್ಲಿ, “ನನ್ನ ತಾಯಿ ಸಾಯುವಾಗಲೂ ಇದನ್ನೇ ಹೇಳುತ್ತಿದ್ದಳು. ನಿಜ ಏನಿದೆಯೋ ಅದನ್ನು ಬರೆಯಿರಿ, ಕೆಟ್ಟದ್ದಾದರೂ ಸರಿ,” ಎಂದರು. ಆ ಮಾತು ನನಗೆ ಬಹಳ ಹಿಡಿಸಿತು.

ನನ್ನ ಜೊತೆ ಮೈಸೂರಿನ ಸುಹಾಸ ಬಂದಿದ್ದ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ, ಅದನ್ನು ಇಲ್ಲಿ ಹೇಳಲೇಬೇಕು. ಒಬ್ಬರು ಅಳತೆ ಕೂಗಬೇಕು, ಇನ್ನೊಬ್ಬರು ಬರೆಯಬೇಕು. ಬರೆಯುವವರು ಪ್ರತಿ ಅಂಕಿಯನ್ನೂ ಬಾಯಿಬಿಟ್ಟು ತಿರುಗಿ ಹೇಳಬೇಕು. ಕೂಗುವವರು ಪುಸ್ತಕ ಮುಟ್ಟಬಾರದು, ಬರೆಯುವವರು ತಲೆ ಎತ್ತಬಾರದು. ತಲೆ ಎತ್ತಿದರೆ ಸಾಲು ತಪ್ಪುತ್ತದೆ, ಸಾಲು ತಪ್ಪಿದರೆ ಗೋಡೆ ತಪ್ಪುತ್ತದೆ ಎಂದು ಹುಬ್ಬಳ್ಳಿಯಲ್ಲಿ ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದರು. ಸುಹಾಸ ಕೂಗುವವನು, ನಾನು ಬರೆಯುವವಳು. ನಾವಿಬ್ಬರೇ ಇದ್ದಾಗ ಎಲ್ಲ ಕನ್ನಡದಲ್ಲೇ.

ನಕ್ಷೆಗಳು ಗಂಜಿ ಹಾಕಿದ ತೆಳು ಬಟ್ಟೆಯ ಮೇಲಿದ್ದವು. ಅಂಚುಗಳು ಮುಟ್ಟಿದರೆ ಪುಡಿಯಾಗುವಂತಿದ್ದವು, ಅಂಕಿಗಳು ಮಾಸಿದ್ದವು. ಸುಹಾಸ ಭೂತಗನ್ನಡಿ ಹಿಡಿದು ಒಂದೊಂದೇ ಓದಿ, ಓದಿದ ಮೇಲೆ ಫೋಟೋ ತೆಗೆಯುತ್ತಿದ್ದ. ನಾನು ಅವನಿಗೆ ಬೆನ್ನು ಹಾಕಿ ಕಿಟಕಿಯ ಬಳಿಯ ಸಣ್ಣ ಮೇಜಿನಲ್ಲಿ ಕೂತಿದ್ದೆ. ಮೆವ್ರೌ ಅದೇ ಕೋಣೆಯ ಸೋಫಾದಲ್ಲಿ ಹೆಣಿಗೆ ಹಾಕುತ್ತಿದ್ದರು. ಬೆಳಿಗ್ಗೆಯಿಂದ ಒಂದರ ಹಿಂದೆ ಒಂದು ಹಾಳೆ ಮುಗಿಯುತ್ತ ಬಂತು. ಕಬ್ಬಿಣದ ಪಟ್ಟಿಯ ಸುಳಿವು ಎಲ್ಲೂ ಇರಲಿಲ್ಲ. ಆಲ್ಫ್ರೆಡ್‌ನದೇ ತಪ್ಪು ಎಂದು ನಾನು ಒಳಗೊಳಗೇ ತೀರ್ಮಾನ ಮಾಡಿಯಾಗಿತ್ತು. ಇದನ್ನು ಆ ಮುದುಕಿಗೆ ಹೇಗೆ ಹೇಳುವುದು ಎಂದು ಮಾತು ಹುಡುಕುತ್ತಿದ್ದೆ.

ಹನ್ನೊಂದನೆಯ ಹಾಳೆ ಮುಗಿಯಿತು. ನಾನು ಗೆರೆ ಎಳೆದು, “ಮುಂದ?” ಎಂದೆ. ಹನ್ನೆರಡನೆಯ ಹಾಳೆ ಶುರುವಾಯಿತು. ಬಾಲ್ಕನಿಯ ಬಿಗಿತ. ಕಬ್ಬಿಣದ ಪಟ್ಟಿ, ಬದಿಗೆ ನಾಲ್ಕು. ಉತ್ತರದ ಮೂಲೆಯಿಂದ ಮೊದಲನೆಯದು ಮೂರಡಿ ಏಳಿಂಚು. ನಾನು ಬರೆದೆ, ತಿರುಗಿ ಹೇಳಿದೆ. ನಡುವೆ ಒಂದು ಅಂಕಿ ಸರಿಯಾಗಿ ಕೇಳಿಸಲಿಲ್ಲ, ಒಂಬತ್ತು ಎಂದು ಬರೆದುಬಿಟ್ಟಿದ್ದೆ. “ಐದೋ ಒಂಬತ್ತೋ?” ಎಂದು ಕೇಳಿದೆ. ಐದು ಎಂಬ ಉತ್ತರ ಬಂತು. ಒಂಬತ್ತನ್ನು ಹೊಡೆದು ಐದು ಮಾಡಿದೆ. ಸಿಕ್ಕಿತಲ್ಲಪ್ಪ ಎಂದು ಬಹಳ ಖುಷಿಯಾಯಿತು. ಆದರೂ ಪದ್ಧತಿ ಬಿಡಲಿಲ್ಲ, ಕೊನೆಯ ಅಂಕಿಯವರೆಗೂ ತಲೆ ಎತ್ತಲಿಲ್ಲ.

ಮುಗಿಸಿ ತಿರುಗಿದರೆ ಸುಹಾಸ ಇರಲಿಲ್ಲ. ಮೇಜಿನ ಮೇಲೆ ಹಾಳೆಗಳನ್ನೆಲ್ಲ ಸುರುಳಿ ಸುತ್ತಿ ಇಟ್ಟಿತ್ತು. ಶೌಚಾಲಯಕ್ಕೆ ಹೋಗಿರಬೇಕು ಎಂದುಕೊಂಡೆ. ಹತ್ತು ನಿಮಿಷ ಕಾದು ಫೋನ್ ಮಾಡಿದರೆ ಅವನು ಟ್ರಾಮಿನಲ್ಲಿದ್ದ.

“ಅಕ್ಕಾ, ಹೇಳೇ ಬಂದ್ನಲ್ಲ! ಡೇ-ಕೇರಿಂದ ಕಾಲ್ ಬಂತು, ಮಗೂಗೆ ಜ್ವರ ಅಂತ. ಹನ್ನೊಂದು ಶೀಟ್ ಮುಗೀತು, ಹೊರಟೆ ಅಂದೆ. ನೀವು ಹೂಂ ಹೂಂ ಅಂದ್ರಿ.”

“ಹನ್ನೆರಡನೇದು?”

“ಹನ್ನೆರಡನೇದು ಯಾವ್ದಕ್ಕಾ? ಇರೋದೇ ಹನ್ನೊಂದು.”

ನಾನು ಸುರುಳಿಗಳನ್ನು ಎಣಿಸಿದೆ. ಹನ್ನೊಂದು. ಪೆಟ್ಟಿಗೆಯ ತಳ ತಡಕಿದೆ, ಮೇಜಿನ ಕೆಳಗೆ ಬಗ್ಗಿ ನೋಡಿದೆ, ಒಂದೊಂದೇ ಬಿಚ್ಚಿ ಹಿಂಬದಿಯನ್ನೂ ನೋಡಿದೆ. ಪೆಟ್ಟಿಗೆಯ ಮುಚ್ಚಳದ ಒಳಗೆ ಮೆವ್ರೌ ಅವರ ತಾಯಿ ಬರೆದು ಅಂಟಿಸಿದ್ದ ಹಾಳೆಗಳ ಪಟ್ಟಿಯಲ್ಲೂ ಹನ್ನೊಂದೇ. ನನ್ನ ಪುಸ್ತಕದಲ್ಲಿ ಮಾತ್ರ ಹನ್ನೆರಡು. ಎಲ್ಲ ನನ್ನದೇ ಅಕ್ಷರ.

ಮೆವ್ರೌ ಅವರನ್ನು ಕೇಳಿದೆ. ಅವರು ಹೆಣಿಗೆ ಕೆಳಗಿಟ್ಟು, “ಆ ಹುಡುಗ ಹೋದ ಮೇಲೆ ನೀವು ಒಬ್ಬರೇ ನಿಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದಿರಿ. ಲೆಕ್ಕ ಸರಿನೋಡುತ್ತಿದ್ದೀರಿ ಎಂದುಕೊಂಡೆ,” ಎಂದರು. ಆಮೇಲೆ ಸ್ವಲ್ಪ ಯೋಚಿಸಿ, “ಒಂದು ಸಲ ಏನೋ ಕೇಳಿದಿರಿ. ಕಾದಿರಿ. ಮತ್ತೆ ಬರೆದಿರಿ,” ಎಂದರು. ಬೇರೆ ದನಿ ಏನಾದರೂ ಕೇಳಿಸಿತೇ ಎಂದೆ. ಇಲ್ಲ ಎಂದು ತಲೆಯಾಡಿಸಿದರು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಬಾಗಲಕೋಟೆಯವರು, ನನಗಿಂತ ಒಂದು ಕೈ ಮೇಲಾದ ನಾಸ್ತಿಕರು. “ಹನ್ನೊಂದು ಹಾಳಿ ಓದಿ ನಿನ್ನ ತಲಿ ತಾನಾ ಹನ್ನೆರಡನೇದು ಕಟ್ಟೇತಿ. ಆ ಮುದುಕಿಗೆ ಒಳ್ಳೇದಾಗಲಿ ಅಂತ ಮನಸ್ಸಿನ್ಯಾಗ ಇತ್ತಲ್ಲ, ಅದಾ ಕೂಗೇತಿ,” ಎಂದರು. ಸರಿಯಾದ ಮಾತೇ. ನಾನೂ ಬೇರೆಯವರಿಗೆ ಅದನ್ನೇ ಹೇಳುತ್ತಿದ್ದೆ. ಆದರೆ ನಾನೇ ಕಟ್ಟಿದ್ದಾದರೆ ಪೂರ್ಣ ಅಡಿಯ ಅಂಕಿ ಹಾಕುತ್ತಿದ್ದೆ, ನಾಲ್ಕಡಿಗೊಂದು ಪಟ್ಟಿ ಎಂದು. ಮೂರಡಿ ಏಳಿಂಚು, ಆಮೇಲೆ ಆರಡಿ ಐದಿಂಚು ಎಂದು ಯಾವ ಎಂಜಿನಿಯರನೂ ಸುಮ್ಮನೆ ಕಲ್ಪಿಸಿಕೊಳ್ಳುವುದಿಲ್ಲ.

ವರದಿ ಕಳಿಸುವ ದಿನ ಹತ್ತಿರ ಬಂತು. ಸುಹಾಸ, “ಆ ಪೇಜ್ ಬಿಟ್ಬಿಡಿ ಅಕ್ಕಾ, ಸೋರ್ಸ್ ಏನು ಅಂತ ಕೇಳಿದ್ರೆ ಏನು ಹೇಳ್ತೀರಾ?” ಎಂದ. ಅವನ ಹೆದರಿಕೆ ನ್ಯಾಯವಾದದ್ದೇ. ಇಲ್ಲದ ಹಾಳೆಯ ಅಳತೆ ಕೊಟ್ಟವಳು ಎಂದರೆ ಈ ಕಸುಬಿನಲ್ಲಿ ಮತ್ತೆ ಯಾರೂ ನನ್ನನ್ನು ನಂಬುವುದಿಲ್ಲ. ಬಿಟ್ಟರೆ, ಬರುವ ತಿಂಗಳು ಅಲ್ಲಿ ಗೋಡೆಗೆ ಗಾರೆ ಮೆತ್ತಿಬಿಡುತ್ತಾರೆ, ಆಲ್ಫ್ರೆಡ್‌ನ ಹೆಸರಿಗೆ ಅಂಟಿದ ಕಳಂಕ ಕಾಯಂ ಆಗುತ್ತದೆ. ಎರಡು ದಿನ ಊಟ ಸೇರಲಿಲ್ಲ. ಕೊನೆಗೆ ವರದಿಯಲ್ಲಿ ಹನ್ನೊಂದು ಹಾಳೆಯ ವಿಷಯ ಮಾತ್ರ ಬರೆದೆ. ಅದರ ಜೊತೆ ಬೇರೆ ಪತ್ರದಲ್ಲಿ, ‘ಗಾರೆ ಹಾಕುವ ಮೊದಲು ಈ ಎಂಟು ಜಾಗಗಳಲ್ಲಿ ಗೋಡೆ ಕೆರೆದು ನೋಡಿ. ಈ ಅಳತೆಗಳ ಮೂಲ ದೃಢಪಟ್ಟಿಲ್ಲ’ ಎಂದು ಬರೆದು ಕಳಿಸಿದೆ.

ಮೂರು ವಾರಕ್ಕೆ ಫೋಟೋಗಳು ಬಂದವು. ಬಾಲ್ಕನಿ ಬೀಳದೆ ಉಳಿದಿದ್ದ ಪಶ್ಚಿಮದ ಗೋಡೆಯಲ್ಲಿ ನಾಲ್ಕು ಕಬ್ಬಿಣದ ಪಟ್ಟಿಗಳಿದ್ದವು. ಬಾಲ್ಕನಿ ಕುಸಿದ ಪೂರ್ವದ ಗೋಡೆಯಲ್ಲಿ ನಾಲ್ಕು ಗೂಡುಗಳಿದ್ದವು. ಪಟ್ಟಿ ಕೂರಿಸಲೆಂದೇ ಕಲ್ಲಿನಲ್ಲಿ ನೀಟಾಗಿ ಕೊರೆದದ್ದು, ಒಳಗೆ ಕಬ್ಬಿಣ ಎಂದೂ ಬಂದಿರಲಿಲ್ಲ, ಸುಮ್ಮನೆ ಗಾರೆ ತುಂಬಿದ್ದರು. ನಕ್ಷೆಯಲ್ಲಿ ಹೇಳದೆ ಯಾರೂ ಕಲ್ಲು ಕೊರೆಯುವುದಿಲ್ಲ. ಕಂಟ್ರಾಕ್ಟರ್ ಒಂದು ಬದಿಗೆ ಹಾಕಿ ಇನ್ನೊಂದು ಬದಿಗೆ ಕೈ ಎತ್ತಿದ್ದ. ಮೊದಲನೆಯದು ಮೂಲೆಯಿಂದ ಮೂರಡಿ ಏಳಿಂಚಿಗೆ. ಯಾಕೆ ಹಾಗೆ ಎಂಬುದೂ ತಿಳಿಯಿತು: ನಾಲ್ಕಡಿಯ ಜಾಗದಲ್ಲಿ ಗೋಡೆಯೊಳಗೆ ಹೊಗೆಕೊಳವೆ ಇತ್ತು. ಆ ಕೊಳವೆ ನಾವು ಓದಿದ ಹನ್ನೊಂದು ಹಾಳೆಗಳಲ್ಲಿ ಎಲ್ಲೂ ಇಲ್ಲ.

ಫಲಕದ ಮೇಲೆ ಆಲ್ಫ್ರೆಡ್‌ನ ಹೆಸರು ಬಂತು. ಆ ಅಳತೆಗಳಿರುವ ಹಾಳೆಯ ಪ್ರತಿ ಕಳಿಸಿ ಎಂದು ಆ ಊರಿನವರು ಕೇಳಿದರು. ನಮ್ಮ ಬಳಿ ಇಲ್ಲ ಎಂದು ಬರೆದೆ. ಮತ್ತೆ ಕೇಳಲಿಲ್ಲ, ಪುಣ್ಯಕ್ಕೆ.

ನನ್ನನ್ನು ಈಗಲೂ ಕಾಡುವುದು ಇನ್ನೊಂದು. ಇಂಗ್ಲಿಷಿನಲ್ಲಿ ಕೂಗಿದ್ದರೆ ನಾನು ಇಂಗ್ಲಿಷಿನಲ್ಲೇ ತಿರುಗಿ ಹೇಳುತ್ತಿದ್ದೆ, ನನ್ನ ಅಭ್ಯಾಸ ನನಗೆ ಗೊತ್ತು. ನಾನು ಹೇಳಿದ್ದು ಕನ್ನಡದಲ್ಲಿ. ಹಾಗಾದರೆ ನನಗೆ ಕೇಳಿಸಿದ್ದು ಯಾವ ಭಾಷೆ? ನೆನಪು ಮಾಡಿಕೊಳ್ಳಲು ಕೂತರೆ ಅಂಕಿಗಳು ಮಾತ್ರ ಬರುತ್ತವೆ, ಮಾತು ಬರುವುದಿಲ್ಲ.

ಫೋಟೋಗಳನ್ನು ತೋರಿಸಲು ಮೆವ್ರೌ ಮನೆಗೆ ಹೋದೆ. ಅವರು ಒಂದೊಂದನ್ನೂ ಕನ್ನಡಕ ಒರೆಸಿಕೊಂಡು ನೋಡಿದರು. ಅತ್ತರು. ನನಗೂ ತಡೆಯಲಾಗಲಿಲ್ಲ. ಆ ದಿನ ನಡೆದದ್ದನ್ನೆಲ್ಲ, ಮುಚ್ಚುಮರೆ ಇಲ್ಲದೆ, ಮೊದಲ ಸಲ ಅವರಿಗೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಫೋಟೋಗಳನ್ನು ಜೋಡಿಸಿಟ್ಟು ಕೇಳಿದರು: “ಅಜ್ಜನ ದನಿ ಹೇಗಿತ್ತು? ಆ ಘಟನೆಯಾದ ಮೇಲೆ ಮನೆಯಲ್ಲಿ ಅವರು ಮಾತೇ ಆಡುತ್ತಿರಲಿಲ್ಲ ಎನ್ನುತ್ತಿದ್ದಳು ನನ್ನ ತಾಯಿ. ಇನ್ನೂ ಸಿಟ್ಟಿತ್ತಾ?”

ಇಲ್ಲ, ಶಾಂತವಾಗಿತ್ತು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವರಿಗೆ ಎಷ್ಟು ಸಮಾಧಾನವಾಗುತ್ತಿತ್ತು. ಆದರೆ ನಿಜ ಏನಿದೆಯೋ ಅದನ್ನೇ ಕೇಳಿದ್ದವರು ಅವರು. “ಗೊತ್ತಿಲ್ಲ, ಮೆವ್ರೌ. ನಾನು ಬರೆದುಕೊಳ್ಳುತ್ತಿದ್ದೆ. ದನಿಯನ್ನು ಕೇಳಿಸಿಕೊಳ್ಳಲಿಲ್ಲ,” ಎಂದೆ. ಜನ್ಮದಲ್ಲಿ ಇಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಅವರು ನನ್ನ ಕೈ ತಟ್ಟಿ, ಕಾಫಿ ಮಾಡುತ್ತೇನೆ ಎಂದು ಅಡುಗೆಮನೆಗೆ ಹೋದರು. ನಾನು ಆ ಕೋಣೆಯಲ್ಲಿ ಒಬ್ಬಳೇ ಕೂತೆ. ಪುಸ್ತಕ ತೆಗೆಯಲಿಲ್ಲ. ತಲೆ ಎತ್ತಿ ಕೂತು, ಇದ್ದಬದ್ದ ಗಮನವನ್ನೆಲ್ಲ ಕಿವಿಗೆ ಕೊಟ್ಟು ಕಾದೆ. ಒಂದೇ ಒಂದು ಅಂಕಿ ಸಾಕಿತ್ತು, ಮೆವ್ರೌ ಕೇಳಿದ್ದಕ್ಕೆ ಉತ್ತರ ಹೇಳಬಹುದಿತ್ತು. ಕೆಳಗೆ ಬೀದಿಯಲ್ಲಿ ಟ್ರಾಮು ಹೋಯಿತು. ಕಾಫಿ ಬರುವವರೆಗೂ ಯಾರೂ ಏನೂ ಹೇಳಲಿಲ್ಲ.